ಕಾಟಲಿಂಗಪ್ಪನವರ ಹಸಿರು ಗೆರೆ

ಯಂತ್ರದ ಬೆನ್ನಿಗಿದ್ದ ಫ್ಯೂಸಿನ ಮುಚ್ಚಳ ಎರಡನೇ ಸುತ್ತಿಗೆ ಸಡಿಲಾಯಿತು. ಬೀರೇಶ್ ಅದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡೇ ಕಿವಿಗೊಟ್ಟ. ಹಿತ್ತಲಲ್ಲಿ ಯಾರೋ ತಂಬಿಗೆಯಿಂದ ನೀರು ಹೊಯ್ದುಕೊಳ್ಳುವ ಸದ್ದು, ಮುಂದಿನ ಕೋಣೆಯಲ್ಲಿ ಜೆರಾಕ್ಸ್ ಮಿಷಿನ್ನು ಕಾಗದ ನುಂಗಿ ಉಗುಳುವ ಸದ್ದು. ಮುಚ್ಚಳದ ಜೊತೆಗೇ ಗಾಜಿನ ಸಣ್ಣ ಕೊಳವೆ ಹೊರಬಂತು. ಅದನ್ನು ಅಂಗಿಯ ಜೇಬಿಗೆ ಇಳಿಸಿ, ಜೇಬಿನಲ್ಲಿದ್ದ ಇನ್ನೊಂದು ಕೊಳವೆಯನ್ನು ಅದೇ ಜಾಗದಲ್ಲಿ ಕೂರಿಸಿ ಮುಚ್ಚಳ ತಿರುಗಿಸುವಷ್ಟರಲ್ಲಿ ಕಾಟಲಿಂಗಪ್ಪನವರು ಟವೆಲಿಗೆ ಕೈ ಒರೆಸುತ್ತ ಒಳಗೆ ಬಂದರು.

"ಹಿಂದ್ಗಡೆ ಏನ್ ನೋಡ್ತಿಯಪ್ಪ?"

"ಧೂಳು ಐತೇನೋ ಅಂತ, ಯಜಮಾನ್ರೆ."

"ನಮ್ಮನೆ ದೇವ್ರ ಮೇಲೂ ಧೂಳೈತೆ. ಅದ್ರ ಮೇಲಿಲ್ಲ," ಎಂದು ಅವರು ನಕ್ಕರು. "ಕುಂತ್ಕ, ಮಂಗಳಾ ಕಾಫಿ ತರ್ತಾಳೆ."

ಬೀರೇಶ್ ಕೂತ. ಕಾಫಿ ಕುಡಿದ. ಬಿಸಿ ಇತ್ತು ಎನ್ನುವುದಷ್ಟೇ ನೆನಪು.

ಮೇಜಿನ ಮೇಲಿದ್ದದ್ದು ಆಸಿಲೋಸ್ಕೋಪು. ತಂತಿಯಲ್ಲಿ ಹರಿಯುವ ಕರೆಂಟಿನ ಏರಿಳಿತವನ್ನು ಪುಟ್ಟ ಗಾಜಿನ ಮೇಲೆ ಹಸಿರು ಗೆರೆಯಾಗಿ ಬರೆದು ತೋರಿಸುವ ಹಳೆಯ ಕಾಲದ ಯಂತ್ರ. ಎಳೆಯ ಕುರಿಮರಿಗಿಂತ ಹೆಚ್ಚು ತೂಕ, ಮುಖದ ತುಂಬ ತಿರುಗಿಸುವ ಗುಂಡಿಗಳು. ಕಾಟಲಿಂಗಪ್ಪನವರು ಹೊಸದುರ್ಗದಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟಿದ್ದ ಕಾಲಕ್ಕೆ, ಬಾಗಿಲು ಮುಚ್ಚಿದ ಯಾವುದೋ ಕಾರ್ಖಾನೆಯ ಹರಾಜಿನಲ್ಲಿ ಕೂಗಿ ತಂದದ್ದು. ಡಬ್ಬದಂಥ ಟೀವಿಗಳು ಹೋದವು, ಹಿಂದೆಯೇ ಅಂಗಡಿಯೂ ಹೋಯಿತು. ಈಗ ಅಲ್ಲಿ ಮಗಳು ಮಂಗಳಾಳ ಜೆರಾಕ್ಸು. ಹಿಂದಿನ ಕೋಣೆಯಲ್ಲಿ ಅವರ ಮೇಜು ಉಳಿದಿದೆ, ಅದರ ಮೇಲೆ ಓಣಿಯವರ ಮಿಕ್ಸಿಗಳು, ಭಜನೆ ಮಂಡಳಿಯ ಆಂಪ್ಲಿಫೈಯರು. ಸ್ಕೋಪಿಗೆ ಕೆಲಸವಿಲ್ಲ. ಆದರೂ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಅದರ ಸ್ವಿಚ್ಚು ಒತ್ತುತ್ತಾರೆ. ಗೆರೆ ಮೂಡುವ ತನಕ ನಿಂತಿದ್ದು, ಮೂಡಿದ ಮೇಲೆ ಕೂತು, ಕಾಫಿ ಮುಗಿಯುವಷ್ಟು ಹೊತ್ತು ಅದನ್ನೇ ನೋಡುತ್ತಾರೆ.

ಬೀರೇಶನಿಗೆ ಅದು ಬೇಕಾಗಿತ್ತು. ಅವನು ಹೊಳಲ್ಕೆರೆಯವನು, ಬೋರ್‌ವೆಲ್ ಮೋಟರುಗಳ ಸ್ಟಾರ್ಟರು ರಿಪೇರಿ ಮಾಡುವವನು. ಭಾನುವಾರ ಬಂತೆಂದರೆ ಚಿತ್ರದುರ್ಗದ ಗುಜರಿ ಅಂಗಡಿಗಳಲ್ಲೋ, ಹಿರಿಯೂರಿನಲ್ಲಿ ಹೈವೇ ಪಕ್ಕ ಲಾರಿ ಬಿಚ್ಚುವ ಕಡೆಯೋ ಕುಕ್ಕರುಗಾಲಲ್ಲಿ ಕೂತು ರಾಶಿ ಕೆದಕುತ್ತಾನೆ. ಒಮ್ಮೆ ಹಿರಿಯೂರಿನಲ್ಲಿ ಟ್ರ್ಯಾಕ್ಟರಿನ ಸೈಲೆನ್ಸರು ಎತ್ತಿದರೆ ಅಡಿಯಲ್ಲಿ ಮುಳ್ಳಿನ ಮೀಟರೊಂದು ಬಿದ್ದಿತ್ತು. ಗಾಜನ್ನು ಅಂಗಿಯ ಚುಂಗಿನಿಂದ ಒರೆಸಿದಾಗ ಮುಳ್ಳು ನಿದ್ದೆಯಿಂದ ಎದ್ದಂತೆ ಅದುರಿತು. ಅವನು ಒಬ್ಬನೇ ನಕ್ಕ. "ಯಾಕಣ್ಣ, ಬಂಗಾರ ಸಿಕ್ತಾ?" ಎಂದು ಗುಜರಿಯವನು ಕೇಳಿದ್ದ. ಬಂಗಾರ ಸಿಕ್ಕಿದ್ದರೆ ಅವನು ಹಾಗೆ ನಗುತ್ತಿರಲಿಲ್ಲ. ಯಾರೋ ನೂರು ಸಲ ತಿರುಗಿಸಿ ನುಣುಪಾದ ಗುಂಡಿಯನ್ನು ಮತ್ತೆ ತಿರುಗಿಸುವುದು, ಪ್ರತಿ ಮೆಟ್ಟಿಲಿಗೂ ಅದು ಟಕ್ಕೆಂದು ಕೂರುವುದು, ಕರೆಂಟು ಹರಿದೊಡನೆ ಒಳಗಿನ ಹಳೆಯ ಧೂಳು ಬಿಸಿಯಾಗಿ ವಾಸನೆ ಬರುವುದು, ಇವನ್ನೆಲ್ಲ ಯಾರಿಗೆ ಹೇಳಿದರೂ ಹುಚ್ಚ ಎನ್ನುತ್ತಿದ್ದರು. ಅಪ್ಪ ರಂಗಪ್ಪನಂತೂ ಅವನ್ನೆಲ್ಲ ಪೇರಿಸಿಟ್ಟ ಅಟ್ಟದ ಕಡೆ ಕೈ ತೋರಿಸಿ ಅನ್ನುತ್ತಿದ್ದ: "ಕುರಿಯಾದ್ರೆ ಉಣ್ಣೆ ಕೊಡ್ತತೆ, ಗೊಬ್ಬರ ಕೊಡ್ತತೆ. ಇವು ಏನ್ ಕೊಡ್ತವಲೇ?"

ಎಲ್ಲವೂ ಇದ್ದವು, ಸ್ಕೋಪು ಮಾತ್ರ ಇರಲಿಲ್ಲ. ಹೊಸದುರ್ಗದಲ್ಲಿ ಒಂದಿದೆ ಎಂದು ತಿಳಿದ ಮೇಲೆ ಮೂರು ಸಲ ಹೋದ. ಮೂರು ಸಲವೂ ಕಾಟಲಿಂಗಪ್ಪನವರು ಒಂದೇ ಮಾತು ಹೇಳಿದರು.

"ಗೆರೆ ಓಡೋ ತನಕ ಯಾರಿಗೂ ಕೊಡಲ್ಲ ಕಣಪ್ಪ. ನಿಂತ ದಿನ ನಿಂಗೇ ಫೋನ್ ಹಚ್ತೀನಿ."

ನಾಲ್ಕನೇ ಸಲ ಹೋದದ್ದೇ ಫ್ಯೂಸು ಬದಲಿಸಿದ ಈ ಸಲ. ಅವನು ಕೂರಿಸಿ ಬಂದ ಫ್ಯೂಸು ಒಂದು ವಿಚಿತ್ರವಾದದ್ದು. ಯಾವುದೋ ಸ್ಟಾರ್ಟರಿನಲ್ಲಿ ಅವನನ್ನೇ ಒಂದು ಇಡೀ ದಿನ ಆಡಿಸಿತ್ತು. ಗಾಜಿನೊಳಗೆ ತಂತಿ ನೆಟ್ಟಗೆ ಕಾಣುತ್ತದೆ, ತುದಿಯ ಲೋಹದ ಟೋಪಿಯೊಳಗೆ ಮಾತ್ರ ಕೂದಲೆಳೆಯಷ್ಟು ಬಿಟ್ಟುಹೋಗಿದೆ. ಕಣ್ಣಿಗೆ ಸರಿ, ಕರೆಂಟಿಗೆ ಸತ್ತದ್ದು. ಅದು ಅಕಸ್ಮಾತ್ತಾಗಿ ಜೇಬಿನಲ್ಲಿತ್ತು ಎಂದು ಬೈಕಿನಲ್ಲಿ ವಾಪಸು ಬರುವಾಗ ಅವನು ತನಗೇ ಹೇಳಿಕೊಂಡ. ಸುಳ್ಳು. ಬೆಳಿಗ್ಗೆ ಹೊಳಲ್ಕೆರೆಯಲ್ಲಿ ಡಬ್ಬಿ ತೆರೆದು, ಅದೇ ಅಳತೆಯದು ಹೌದೇ ಎಂದು ನೋಡಿ, ಆರಿಸಿ ಇಟ್ಟುಕೊಂಡಿದ್ದ.

ಎಂಟನೇ ದಿನ ಫೋನು ಬಂತು.

ಹೋದಾಗ ಸ್ಕೋಪಿನ ಮುಚ್ಚಳ ಬಿಚ್ಚಿತ್ತು. ತಿರುಪುಗಳು ಊಟದ ತಟ್ಟೆಯಲ್ಲಿದ್ದವು. ಕಾಟಲಿಂಗಪ್ಪನವರು ಗಡ್ಡ ಬೋಳಿಸಿರಲಿಲ್ಲ.

"ಏಳು ದಿನ ನೋಡ್ದೆ," ಎಂದರು. "ಟ್ರಾನ್ಸ್‌ಫಾರ್ಮರ್ ಸುಟ್ಟೈತೆ. ಆ ಕಡೆ ಕರೆಂಟೇ ಬರ್ತಿಲ್ಲ. ಈ ಜಾತಿದು ಈಗ ಎಲ್ಲೂ ಸಿಗಲ್ಲ."

ಹೆದರಿಕೆಗೋ, ಅವರೇ ಕಂಡುಹಿಡಿಯಲಿ ಎಂಬ ಆಸೆಗೋ ಬೀರೇಶ್ ಕೇಳಿಬಿಟ್ಟ: "ಫ್ಯೂಸ್ ನೋಡಿದ್ರಾ?"

"ಮೊದ್ಲು ನೋಡಿದ್ದೇ ಅದು. ತಂತಿ ನೆಟ್ಟಗೈತೆ. ನಂಗೇನ್ ಅಷ್ಟೂ ಗೊತ್ತಿಲ್ವೇನಪ್ಪ?"

ಆಗ ಹೇಳಬಹುದಿತ್ತು. ಹೇಳಲು ಸಾಕಷ್ಟು ಹೊತ್ತೂ ಇತ್ತು. ಮುದುಕ ಒಂದೊಂದೇ ತಿರುಪನ್ನು ತಟ್ಟೆಯಿಂದ ಹೆಕ್ಕಿ ಕೂರಿಸುವ ತನಕ, ಒಂದು ತಿರುಪು ಎರಡು ಸಲ ಕೆಳಗೆ ಬಿದ್ದು ಅದನ್ನು ಬೀರೇಶನೇ ಹುಡುಕಿ ಕೊಡುವ ತನಕ. ದುಡ್ಡಿನ ಮಾತೆತ್ತಿದರೆ, "ಸತ್ತಿದ್ದಕ್ಕೆ ಎಂಥಾ ದುಡ್ಡು, ಹೋಗು," ಎಂದುಬಿಟ್ಟರು. ಅದಕ್ಕೆ ತಮ್ಮ ಹೊದಿಕೆಯನ್ನೇ ಸುತ್ತಿದರು. ಮಂಗಳಾ ಬೈಕಿಗೆ ಹಗ್ಗ ಬಿಗಿದು, "ನಿಧಾನ ಹೋಗ್ರಿ, ಅದು ಅಪ್ಪನ ಹಿರೇ ಮಗ," ಎಂದಳು.

ಮನೆಗೆ ಬಂದು ಸರಿಯಾದ ಫ್ಯೂಸು ಹಾಕಿ ಸ್ವಿಚ್ಚು ಒತ್ತಿದ. ಗೆರೆ ಮೂಡಿತು. ಎಳೆ ಹುಲ್ಲಿನ ಬಣ್ಣ, ನೂಲಿನಷ್ಟು ಸಣ್ಣ. ಗುಂಡಿ ತಿರುಗಿಸಿದರೆ ಚುಕ್ಕಿಯಾಗಿ ತೆವಳಿತು, ಮತ್ತೆ ತಿರುಗಿಸಿದರೆ ಓಡಿತು. ಎಷ್ಟು ಚೆಂದವಿತ್ತೆಂದರೆ ತಾನು ಮಾಡಿದ್ದನ್ನು ಒಂದು ಗಳಿಗೆ ನಿಜವಾಗಿಯೂ ಮರೆತ. ಆ ಮರೆತ ಗಳಿಗೆಗೇ ಆಮೇಲೆ ಹೆಚ್ಚು ನಾಚಿಕೆಪಟ್ಟ.

ರಂಗಪ್ಪ ಏಣಿ ಹತ್ತಿ ಅಟ್ಟಕ್ಕೆ ಬಂದ.

"ಇದು ಕೆಟ್ಟೋಗಿತ್ತು ಅಂದ್ಯಲ್ಲ?"

"ಹೂಂ."

"ನೀನೇ ಮಾಡಿದ್ಯಾ?"

"ಹೂಂ."

"ಆ ಯಜಮಾನ್ರ ಕೈಲೂ ಆಗ್ಲಿಲ್ಲ ಅಂದಿ?"

ಬೀರೇಶ್ ತಲೆಯಾಡಿಸಿದ. ರಂಗಪ್ಪ ಗೆರೆಯ ಮುಂದೆ ಕೂತ. ಬಹಳ ಹೊತ್ತು ಕೂತ. ಇಳಿಯುವಾಗ ಮಗನ ಬೆನ್ನಿಗೆ ಒಮ್ಮೆ ತಟ್ಟಿದ. ಬುದ್ಧಿ ಬಂದ ಮೇಲೆ ಆ ಕೈ ತನ್ನ ಬೆನ್ನ ಮೇಲೆ ಬಿದ್ದದ್ದು ಬೀರೇಶನಿಗೆ ನೆನಪಿಲ್ಲ. ಮಾರನೇ ದಿನ ಟೀ ಅಂಗಡಿಯಲ್ಲಿ, ಅದರ ಮಾರನೇ ದಿನ ಕುರಿ ಕಾಯುವ ಕಡೆ, ರಂಗಪ್ಪನ ಬಾಯಲ್ಲಿ ಒಂದೇ ಮಾತು: "ನಲವತ್ತು ವರ್ಷದ ರಿಪೇರಿಯೋರು ಕೈಬಿಟ್ಟಿದ್ನ ನಮ್ಮುಡುಗ ಎಬ್ಸಿದಾನೆ ಕಣ್ರಲೇ." ಊರವರು ಬೀರೇಶನನ್ನು ಕಂಡರೆ ಡಾಕ್ಟರ್ರೇ ಎಂದು ಕರೆಯತೊಡಗಿದರು. ಅವನು ಟೀ ಅಂಗಡಿಯ ದಾರಿ ಬಿಟ್ಟು ಸುತ್ತುಬಳಸಿ ಓಡಾಡತೊಡಗಿದ. ಸ್ಕೋಪಿನ ಮೇಲೆ ಆ ಹೊದಿಕೆಯನ್ನೇ ಮುಚ್ಚಿಟ್ಟ.

ತಿಂಗಳು ಕಳೆದಿರಬೇಕು. ರಂಗಪ್ಪ ಹಾಲುರಾಮೇಶ್ವರದ ಗುಡಿಗೆ ಹೋಗಿ ಬಂದವನು ಸಂಜೆ ಉಣ್ಣುತ್ತ ಹೇಳಿದ: "ಬರ್ತಾ ಹೊಸದುರ್ಗದಾಗೆ ಇಳಿದಿದ್ದೆ. ಆ ಯಜಮಾನ್ರಿಗೆ ಒಂದ್ ಡಬ್ಬಿ ತುಪ್ಪ ಕೊಟ್ಟು ಕೈ ಮುಗಿದೆ. ನಿಮ್ ಮಿಷಿನ್ ಈಗ ಓಡ್ತೈತೆ ಸ್ವಾಮಿ, ನನ್ ಮಗ ಎಬ್ಸಿದ ಅಂದೆ."

ಬೀರೇಶನ ಕೈಯಲ್ಲಿ ಮುದ್ದೆಯ ತುತ್ತು ಹಾಗೇ ಉಳಿಯಿತು. "ಏನಂದ್ರು?"

"ಒಳ್ಳೇದಾತು ಅಂದ್ರು. ಪಾಪ, ಮಾತು ಕಮ್ಮಿ ಅವ್ರದು."

ಮಾರನೇ ಬೆಳಿಗ್ಗೆ ಮಂಗಳಾ ಫೋನು ಮಾಡಿದಳು. "ಮಿಷಿನ್ ತಗಂಡು ಒಂದ್ಸಲ ಬರ್ರಿ. ಅಪ್ಪ ನೋಡ್ಬೇಕಂತೆ." ದನಿ ತಗ್ಗಿಸಿ, "ಅದು ಹೋದಾಗಿಂದ ಮೇಜಿನ ಹತ್ರ ಹೋಗಿಲ್ಲ ಅವ್ರು. ಮಿಕ್ಸಿ ತಂದೋರ್ನೂ ವಾಪಸ್ ಕಳಿಸ್ತಾರೆ. ನನ್ ಕೈ ಹೋತು ಅಂತಾರೆ. ನೀವು ಬಂದು ಏನಾಗಿತ್ತು ಅಂತ ಹೇಳಿದ್ರೆ ಒಂಚೂರು ಸಮಾಧಾನ ಆಗ್ಬೋದು," ಎಂದಳು.

ದಾರಿಯುದ್ದಕ್ಕೂ ಬೀರೇಶ್ ಒಂದು ಸುಳ್ಳನ್ನು ಕಟ್ಟಿಕೊಂಡ. ಈ ಸಲದ ಸುಳ್ಳು ಒಳ್ಳೆಯದಕ್ಕೇ ಎಂದುಕೊಂಡ. ನೀವು ಹೇಳಿದ್ದೇ ಸರಿ, ಟ್ರಾನ್ಸ್‌ಫಾರ್ಮರೇ ಸುಟ್ಟಿತ್ತು, ಬೆಂಗಳೂರಿಂದ ತರಿಸಿ ಹಾಕಿದೆ ಎಂದುಬಿಡುವುದು. ಮುದುಕನ ಕೈಯೂ ಉಳಿಯುತ್ತದೆ, ತನ್ನ ಮುಖವೂ ಉಳಿಯುತ್ತದೆ. ಸ್ಕೋಪನ್ನು ಅಲ್ಲೇ ಬಿಟ್ಟು ಬರುವುದು.

ಕಾಟಲಿಂಗಪ್ಪನವರು ಮೇಜಿನ ಮುಂದೆ ಕಾದು ಕೂತಿದ್ದರು. ಸೊರಗಿಹೋಗಿದ್ದರು. ಸ್ವಿಚ್ಚು ಒತ್ತಿ ಗೆರೆ ಮೂಡಿದಾಗ ಅವರ ಮುಖದಲ್ಲಿ ಮೂಡಿದ್ದು ಸಂತೋಷವೇ. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಏನಾಗಿತ್ತು?"

"ನೀವ್ ಹೇಳಿದ್ದೇ ಯಜಮಾನ್ರೆ. ಟ್ರಾನ್ಸ್‌ಫಾರ್ಮರು. ಬೇರೆ ತರ್ಸಿ ಹಾಕ್ದೆ."

ಅವರ ಬೆನ್ನು ಒಂಚೂರು ನೆಟ್ಟಗಾಯಿತು. ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ನೋಡಿ, "ಹೇಳಿರ್ಲಿಲ್ವ ನಾನು?" ಎಂದರು. ಆಮೇಲೆ ಕೈ ಚಾಚಿದರು. "ಹಳೇದು ಕೊಡು."

"ಯಾವ್ದು?"

"ಹಳೇ ಪಾರ್ಟ್ ಕಣಪ್ಪ. ಬದ್ಲಾಯ್ಸಿದ ಪಾರ್ಟ್ ಯಜಮಾನ್ನ ಕೈಗೆ ಕೊಡ್ಬೇಕಲ್ಲ. ನಾನು ಒಂದ್ ರೂಪಾಯಿ ಕಂಡೆನ್ಸರ್ ಹಾಕಿದ್ರೂ ಕೊಡ್ತಿದ್ದೆ. ಇಲ್ದಿದ್ರೆ ನಂಬೋದೆಂಗೆ?"

ಇದು ಯಾವ ರಿಪೇರಿಯವನಿಗೂ ಗೊತ್ತಿರುವ ರೂಢಿ. ಬೀರೇಶನೂ ಸ್ಟಾರ್ಟರು ರಿಪೇರಿಯಲ್ಲಿ ಇದನ್ನೇ ಮಾಡುತ್ತಾನೆ. ಕಟ್ಟಿಕೊಂಡ ಸುಳ್ಳಿನಲ್ಲಿ ಇದೊಂದಕ್ಕೆ ಜಾಗ ಬಿಟ್ಟಿರಲಿಲ್ಲ.

"ಎಸೆದೆ," ಎಂದ.

"ಎಸೆದ್ಯಾ? ಅಷ್ಟು ತಾಮ್ರ ಇರೋದ್ನ? ಗುಜರಿ ಅಂಗ್ಡಿ ಮೂಲೆ ಮೂಲೆ ಕೆದಕೋನು ನೀನು." ಅವರು ನಕ್ಕರು, ಆದರೆ ಕಣ್ಣು ನಗಲಿಲ್ಲ. ಸ್ವಿಚ್ಚು ಆರಿಸಿ, ತಂತಿ ಕಿತ್ತು, ಸ್ಕ್ರೂಡ್ರೈವರು ಎತ್ತಿಕೊಂಡರು. "ಇರ್ಲಿ, ಹೊಸದು ಎಂಥದೈತೆ ನೋಡಾಣ."

ಒಂದು ತಿರುಪು ಬಿಚ್ಚಿದರು. ಎರಡನೆಯದು. ಮೂರನೆಯದು ಸಡಿಲಾದಾಗ ಬೀರೇಶ್ ಮುಚ್ಚಳದ ಮೇಲೆ ಕೈ ಇಟ್ಟ.

"ಬಿಚ್ಚಬ್ಯಾಡ್ರಿ."

"ಯಾಕೆ?"

"ಒಳಗಿರೋದು ನಿಮ್ದೇ ಟ್ರಾನ್ಸ್‌ಫಾರ್ಮರು. ಏನೂ ಆಗಿರ್ಲಿಲ್ಲ ಅದಕ್ಕೆ." ತಲೆ ಎತ್ತದೆ ಹೇಳುತ್ತ ಹೋದ. "ಫ್ಯೂಸ್ ನಾನೇ ಬದ್ಲಾಯ್ಸಿದ್ದೆ. ನೀವು ಹಿತ್ತಲಿಗೆ ಹೋದಾಗ. ಗೆರೆ ನಿಂತ್ರೆ ಕೊಡ್ತೀನಿ ಅಂದಿದ್ರಲ್ಲ."

ಮುಂದಿನ ಕೋಣೆಯಲ್ಲಿ ಗಿರಾಕಿಯೊಬ್ಬ, "ಅಕ್ಕ, ಆಧಾರ್ ಎರಡು ಕಾಪಿ," ಎಂದ. ಮಂಗಳಾ ಅಲುಗಲಿಲ್ಲ.

"ಫ್ಯೂಸ್ ನೋಡಿದ್ನಲ್ಲ," ಎಂದರು ಕಾಟಲಿಂಗಪ್ಪನವರು. "ತಂತಿ ನೆಟ್ಟಗಿತ್ತು."

"ಟೋಪಿ ಒಳಗೆ ಬಿಟ್ಟಿತ್ತು. ಕಣ್ಣಿಗೆ ಕಾಣಲ್ಲ."

"ಮೀಟ್ರಿಗೆ ಕಾಣ್ತತೆ."

ಕಾಟಲಿಂಗಪ್ಪನವರು ಸ್ಕ್ರೂಡ್ರೈವರು ಕೆಳಗಿಟ್ಟರು.

"ಮೀಟ್ರು ಹಿಡೀಲಿಲ್ಲ ನಾನು," ಎಂದು ಅವರು ಈಗ ಮಗಳಿಗೆ ಹೇಳಿದರು. ಮುಖ ಕಪ್ಪಿಟ್ಟಿತ್ತು. "ಅಂಗ್ಡಿಗೆ ಕೆಲ್ಸ ಕಲಿಯಕ್ಕೆ ಬಂದೋರಿಗೆಲ್ಲ ಹೇಳ್ತಿದ್ದೆ, ಫ್ಯೂಸ್‌ನ ಕಣ್ಣಲ್ಲಿ ನೋಡ್ಬ್ಯಾಡ್ರಿ ಅಂತ. ನಾನೇ ಕಣ್ಣಲ್ಲಿ ನೋಡ್ದೆ."

ಬೀರೇಶನಿಗೆ ಆಗ ತಿಳಿಯಿತು. ಹೇಳಿಬಿಟ್ಟರೆ ತಾನೊಬ್ಬನೇ ಚಿಕ್ಕವನಾಗುತ್ತೇನೆ ಎಂದುಕೊಂಡಿದ್ದ. ಆದರೆ ಈ ಮನುಷ್ಯನ ತಪ್ಪನ್ನೂ ಎಳೆದು ತಂದು ಅವರ ಮಗಳ ಮುಂದೆ ಕೆಡವಿದ್ದ. ಬೈದಿದ್ದರೆ ತಲೆ ತಗ್ಗಿಸುತ್ತಿದ್ದ. ಹೊಡೆದಿದ್ದರೆ ಕೆನ್ನೆ ಕೊಡುತ್ತಿದ್ದ. ಅವರು ಎರಡನ್ನೂ ಮಾಡಲಿಲ್ಲ. ಬಿಚ್ಚಿದ ಮೂರು ತಿರುಪುಗಳನ್ನು ಒಂದೊಂದಾಗಿ ವಾಪಸು ಕೂರಿಸಿ ಬಿಗಿದರು.

ಮಂಗಳಾ ಬಾಗಿಲಿಂದ ಹೇಳಿದಳು, "ನಿಮ್ಮಪ್ಪ ತುಪ್ಪ ತಂದು ಕೈ ಮುಗಿದು ಹೋದ್ರು. ಅವರಿಗೆ ಗೊತ್ತಾ ಇದು?"

"ಇಲ್ಲಕ್ಕ."

"ಹೇಳ್ಬ್ಯಾಡ್ರಿ. ಅವ್ರಿಗೆ ಅಷ್ಟಾದ್ರೂ ಉಳೀಲಿ."

ಹೊಡೆತ ಬಿದ್ದದ್ದು ಅಲ್ಲಿಂದ. ಬೀರೇಶ್ ಸ್ಕೋಪನ್ನು ಎರಡೂ ಕೈಯಿಂದ ಮೇಜಿನ ನಡುವಿಗೆ, ಮೊದಲು ಅದು ಕೂತಿದ್ದ ಜಾಗಕ್ಕೆ ಸರಿಸಿದ. ಅಲ್ಲಿ ಇನ್ನೂ ಅದರ ನಾಲ್ಕು ಕಾಲಿನ ಗುರುತಿತ್ತು.

"ಇದು ಇಲ್ಲೇ ಇರ್ಲಿ, ಯಜಮಾನ್ರೆ."

ಕಾಟಲಿಂಗಪ್ಪನವರು ಅದನ್ನು ಮತ್ತೆ ಅವನ ಕಡೆಗೆ ತಳ್ಳಿದರು.

"ನಿಮ್ದು ಅದು," ಎಂದ ಬೀರೇಶ್. "ಬೆಳಿಗ್ಗೆ ಹಚ್ಕಂಡು ನೋಡ್ತಿದ್ರಲ್ಲ. ಮೊದಲ್ನಂಗೇ ಓಡ್ತೈತೆ. ಒಂದ್ ಚೂರೂ ಕೆಟ್ಟಿಲ್ಲ."

"ಅದ್ರಲ್ಲಿ ಗೆರೆ ನೋಡ್ತಿದ್ದೆ ಕಣಪ್ಪ. ಇನ್ಮೇಲೆ ದಿನಾ ಬೆಳಿಗ್ಗೆ ಆ ಫ್ಯೂಸ್ ನೋಡ್ಬೇಕಾ?"

"ನಿಮ್ ಕಾಲಿಗ್ ಬೀಳ್ತೀನಿ. ಇಟ್ಕಳ್ರಿ."

"ಬ್ಯಾಡ," ಎಂದರು ಕಾಟಲಿಂಗಪ್ಪನವರು.