ತಲೆ ಕಾಣದ ವಿಡಿಯೋ

ಮೇಷ್ಟ್ರು ಎಂಟನೇ ಸ್ಲೈಡು ಹಾಕಿದಾಗ ನಾನು ಮೂರನೇ ಬೆಂಚಿನಲ್ಲಿ ಪೆನ್ನಿನ ಕ್ಯಾಪು ಕಚ್ಚುತ್ತ ಕೂತಿದ್ದೆ. ಪರದೆಯ ಮೇಲೆ ಒಬ್ಬ ಹೆಂಗಸು, ಕುತ್ತಿಗೆಯಿಂದ ಕೆಳಗೆ ಮಾತ್ರ. ಹೆಗಲ ಮೇಲೆ ಅಳತೆ ಟೇಪು, ಮುಂದೆ ಹೊಲಿಗೆ ಮಿಷನ್ನು, ಅದರ ಮೇಲೆ ಒಂದು ನೀಲಿ ಶರ್ಟು. ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಆ ಉಗುರಿಗೆ ಸೂಜಿ ಹೊಕ್ಕ ದಿನ ನನಗೆ ಏಳು ವರ್ಷ. ಬಟ್ಟೆ ಚೂರು ಒತ್ತಿ ಹಿಡಿದು ರಕ್ತ ನಿಲ್ಲಿಸಿದವಳು ನಾನೇ.

ಅದು ನನ್ನ ಚಿಕ್ಕಮ್ಮ.

ನಾನು ಓದುತ್ತಿದ್ದದ್ದು ಡಿಜಿಟಲ್ ಸಂಸ್ಕೃತಿ. ಜನ ಆನ್‌ಲೈನಿನಲ್ಲಿ ತಮ್ಮನ್ನು ಹೇಗೆ ತೋರಿಸಿಕೊಳ್ಳುತ್ತಾರೆ, ಯಾವ ಫೋಟೋ ಹಾಕುತ್ತಾರೆ, ಯಾವುದನ್ನು ಅಳಿಸುತ್ತಾರೆ, ಯಾಕೆ, ಇದೇ ನಮ್ಮ ಪಾಠ. "ಇದೂ ಒಂದು ಓದಾ?" ಎಂದು ಮೂಗು ಮುರಿದ ನೆಂಟರಿಗೆಲ್ಲ ಚಿಕ್ಕಮ್ಮನೇ ಉತ್ತರ ಕೊಟ್ಟಿದ್ದಳು. "ಊರಿಗೆ ಊರೇ ಫೋನ್ ಹಿಡ್ಕೊಂಡು ಕೂತಿದೆ. ಏನು ಮಾಡ್ತಿದೆ ಅಂತ ಒಬ್ಬಳಾದ್ರೂ ನೋಡ್ಬೇಡ್ವಾ?" ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ, ರಿಪೇರಿ ಮಾತ್ರ. ಜಿಪ್ಪು, ಹರಿದ ಜೇಬು, ಸವೆದ ಕಾಲರ್. ಮೂರು ವರ್ಷದಿಂದ ಆ ಕೆಲಸವನ್ನೇ ವಿಡಿಯೋ ಮಾಡಿ ಹಾಕುತ್ತಿದ್ದಳು. ನೋಡುವವರು ಲಕ್ಷಗಟ್ಟಲೆ ಏನಿರಲಿಲ್ಲ. ಆದರೆ ನೋಡಿದವರು ಕಲಿಯುತ್ತಿದ್ದರು, ಕಲಿತದ್ದರ ಫೋಟೋ ಕಳಿಸುತ್ತಿದ್ದರು.

"ಇದನ್ನ ಗಮನಿಸಿ," ಎಂದರು ಮೇಷ್ಟ್ರು. "ಈ ಮಹಿಳೆಗೆ ತನ್ನನ್ನು ತೋರಿಸಿಕೊಳ್ಳುವ ಭಾಷೆಯೇ ಗೊತ್ತಿಲ್ಲ. ಕ್ಯಾಮೆರಾ ಮುಂದೆ ಬರ್ತಾಳೆ, ಆದರೆ ತನ್ನ ತಲೆಯನ್ನು ತಾನೇ ಕತ್ತರಿಸಿ ಹೊರಗಿಡ್ತಾಳೆ. ನಾನು ಇದನ್ನ ಸ್ವಯಂ-ಅಳಿಸುವಿಕೆ ಅಂತ ಕರೀತೀನಿ. ನಾನು ಯಾರೂ ಅಲ್ಲ ಅನ್ನೋದನ್ನ ಈಕೆ ಒಳಗೇ ಒಪ್ಪಿಕೊಂಡಿದಾಳೆ."

ಆಮೇಲೆ ವಿಡಿಯೋ ಓಡಿಸಿದರು. ಚಿಕ್ಕಮ್ಮನ ದನಿ ತರಗತಿಯ ಸ್ಪೀಕರಿನಿಂದ ಗುಡುಗಿತು. "ನೋಡ್ರಪ್ಪಾ, ನೋಡ್ರಮ್ಮಾ, ಅವಸರ ಮಾಡಿದ್ರೋ ಬಟ್ಟೆ ಹರೀತು, ಆಮೇಲೆ ನನ್ನ ಬೈಬೇಡಿ!" ಮಿಷನ್ನಿನ ಸದ್ದು ಮೀರಿಸಿ ಮಾತಾಡಿ ಮಾತಾಡಿ ಅವಳಿಗೆ ಕೂಗುವುದೇ ರೂಢಿ. ಹಿಂದಿನ ಬೆಂಚಿನಿಂದ ಒಬ್ಬ, "ತಲೆ ಎಲ್ಲಿ ಸರ್, ಅದೂ ರಿಪೇರಿಗೆ ಹೋಗಿದೆಯಾ?" ಎಂದ. ಇಡೀ ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. ಪಕ್ಕದವಳು ನನ್ನ ಪಕ್ಕೆಗೆ ತಿವಿದಳು.

ನಾನೂ ನಕ್ಕೆ.

ಬಾಯಿ ತಾನಾಗಿ ಅಗಲವಾಯಿತು, ಹಲ್ಲು ಕಾಣಿಸಿತು, ಗಂಟಲಿನಿಂದ ಸದ್ದೂ ಬಂತು. ಇವಳಿಗೂ ಆ ಹೆಂಗಸಿಗೂ ಏನೋ ಸಂಬಂಧ ಇದೆ ಎಂದು ಯಾರಿಗೂ ಅನಿಸಬಾರದೆಂದು ನಕ್ಕೆ. ಇವತ್ತಿಗೂ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಊಟದ ಹೊತ್ತಿಗೆ ತರಗತಿಯ ಗುಂಪಿನಲ್ಲಿ ಸ್ಟಿಕರ್ ಬಂತು. ಚಿಕ್ಕಮ್ಮನ ಮೈ, ಕತ್ತಿನ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ. ಯಾರಾದರೂ ದಡ್ಡ ಮಾತಾಡಿದರೆ ಅದನ್ನು ಅಂಟಿಸುವುದು. ಎರಡು ದಿನದಲ್ಲಿ ಅದು ಬೇರೆ ತರಗತಿಗಳಿಗೆ ಹೋಯಿತು, ಮೂರನೆಯ ದಿನ ಯಾರೋ ಅವಳ ಚಾನೆಲ್ಲನ್ನೇ ಹುಡುಕಿ ಹಂಚಿದರು.

ಆ ಸಂಜೆ ಚಿಕ್ಕಮ್ಮ ಮಿಷನ್ನಿನ ಮುಂದೆ ಕನ್ನಡಕ ಹಣೆಗೇರಿಸಿಕೊಂಡು ಫೋನು ನೋಡುತ್ತ ಕೂತಿದ್ದಳು. ಕಾಲು ಪೆಡಲ್ಲಿನ ಮೇಲಿತ್ತು, ಆದರೆ ತುಳಿಯುತ್ತಿರಲಿಲ್ಲ.

"ಏನೇ ಇದು? ಯಾರ್ಯಾರೋ ಬಂದು ತಲೆ ಎಲ್ಲಿ, ತಲೆ ಎಲ್ಲಿ ಅಂತ ಕೇಳ್ತಿದಾರೆ. ನಾನ್ನೂರು ಜನ! ಮೊನ್ನೆವರೆಗೂ ದಾರ ಯಾವ ನಂಬರು ಅಂತ ಕೇಳ್ತಿದ್ರು."

ನಾನು ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದೆ.

"ನಿಂಗೆ ಗೊತ್ತಿರತ್ತೆ, ಇದೇ ತಾನೇ ನಿನ್ನ ಓದು. ಹೇಳು, ನಾನೇನು ತಪ್ಪು ಮಾಡಿದೆ?"

"ನೀನ್ಯಾಕೆ ಮುಖ ತೋರಿಸಲ್ಲ ಚಿಕ್ಕಮ್ಮ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಮುಖ ಹೊಲಿಯತ್ತೇನೇ? ಕೈ ತಾನೇ ಹೊಲಿಯೋದು! ಮುಖ ಹಿಡಿಯೋಕೆ ಹೋದ್ರೆ ಕೈ ಸಣ್ಣಗಾಗತ್ತೆ, ಹೊಲಿಗೆ ಕಾಣಲ್ಲ."

ಸ್ವಯಂ-ಅಳಿಸುವಿಕೆಯಂತೆ, ಅದರ ತಲೆ! ಒಂದೇ ಒಂದು ಸಲ ಅವಳನ್ನು ಕೇಳಿದ್ದರೆ ಗೊತ್ತಾಗುತ್ತಿದ್ದ ಸಂಗತಿ. ಕೇಳುವ ದರ್ದು ಯಾರಿಗಿತ್ತು? ನನಗೂ ಇರಲಿಲ್ಲ. ಮೂರು ವರ್ಷದಿಂದ ಅವಳು ವಿಡಿಯೋ ಮಾಡುತ್ತಿದ್ದ ಮನೆಯಲ್ಲೇ ಇದ್ದೂ ನಾನು ಅವತ್ತೇ ಮೊದಲು ಕೇಳಿದ್ದು.

ಮರುದಿನ ಮೇಷ್ಟ್ರ ಕೋಣೆಗೆ ಹೋದೆ. ಎರಡು ಗೋಡೆ ತುಂಬ ಪುಸ್ತಕ, ಕಿಟಕಿಯಲ್ಲಿ ಒಂದು ಬಾಡಿದ ಗಿಡ. ಆ ವಿಡಿಯೋ ತೆಗೆಯಿರಿ ಎಂದೆ. ಅವರು ನಕ್ಕು ಕುರ್ಚಿ ತೋರಿಸಿದರು.

"ನೋಡಿ, ಆಕೆಯೇ ಎಲ್ಲರಿಗೂ ಕಾಣೋ ಹಾಗೆ ಹಾಕಿದಾಳೆ. ಹಾಕಿದ ಮೇಲೆ ಅದು ಸಾರ್ವಜನಿಕ. ನಾವು ವಿಶ್ಲೇಷಣೆ ಮಾಡ್ತೀವಿ ಅಷ್ಟೆ, ಅವಹೇಳನ ಅಲ್ಲ."

"ತರಗತಿ ನಕ್ಕಿತು ಸರ್. ನೀವೂ ನಕ್ಕಿರಿ."

"ನಗುವೂ ಒಂದು ಪ್ರತಿಕ್ರಿಯೆ. ಅದನ್ನೂ ಅಧ್ಯಯನ ಮಾಡ್ಬೇಕು." ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಅವರಿಗೆ ಸಮಾನರಿಲ್ಲ. "ಅದಿರಲಿ, ನಿಮಗ್ಯಾಕೆ ಇಷ್ಟು ಕಾಳಜಿ?"

"ಅವರು ನನ್ನ ಚಿಕ್ಕಮ್ಮ."

ಮುಖ ಸಪ್ಪಗಾದೀತು, ಒಂದು ಕ್ಷಮೆಯಾದರೂ ಬಂದೀತು ಎಂದುಕೊಂಡಿದ್ದೆ. ಮೇಷ್ಟ್ರ ಕಣ್ಣು ಅರಳಿತು. ಕುರ್ಚಿಯನ್ನೇ ಮುಂದಕ್ಕೆ ಎಳೆದುಕೊಂಡರು.

"ಅದ್ಭುತ! ಮೊದಲೇ ಹೇಳ್ಬಾರದಿತ್ತಾ? ನಿಮ್ಮ ಪ್ರಬಂಧಕ್ಕೆ ಇದನ್ನೇ ತಗೊಳ್ಳಿ. ಮನೆಯೊಳಗಿನವರ ನೋಟ! ಆಕೆ ಕನ್ನಡಿ ನೋಡ್ಕೋತಾರಾ, ಫೋಟೋ ತೆಗೆಸ್ಕೋತಾರಾ, ಎಲ್ಲ ಬರೀರಿ. ನನ್ನ ಲೇಖನ ಹೇಗೂ ಪತ್ರಿಕೆಗೆ ಹೋಗ್ತಿದೆ, ಆ ಚಿತ್ರದ ಜೊತೆಗೇ. ಇಬ್ಬರೂ ಸೇರಿ ಮುಂದಿನದು ಮಾಡೋಣ."

ನನ್ನ ಮೈಯೆಲ್ಲ ಉರಿದುಹೋಯಿತು. ಕನ್ನಡಿಯಂತೆ! ಮನೆಯಲ್ಲಿ ಸಾವು ಆಗಿದೆ ಎಂದರೆ ಊಟಕ್ಕೆಷ್ಟು ಹೊತ್ತಿಗೆ ಬರಲಿ ಎಂದು ಕೇಳಿದ ಹಾಗಿತ್ತು. "ಲೇಖನ ಕಳಿಸಿದರೆ ನಾನು ದೂರು ಕೊಡ್ತೀನಿ," ಎಂದು ಎದ್ದು ಬಂದೆ. ಬಾಗಿಲು ಜೋರಾಗಿ ಬಡಿಯಬೇಕೆಂದಿದ್ದೆ. ಅದಕ್ಕೆ ಸ್ಪ್ರಿಂಗ್ ಹಾಕಿದ್ದರು, ಅದು ತನ್ನ ಪಾಡಿಗೆ ಮೆಲ್ಲಗೆ ಮುಚ್ಚಿಕೊಂಡಿತು. ಅದಕ್ಕೂ ಸಿಟ್ಟು ಬಂತು.

ದೂರಿಗೆ ಚಿಕ್ಕಮ್ಮನ ಸಹಿ ಬೇಕಿತ್ತು. ಹಾಗಾಗಿ ಎಲ್ಲವನ್ನೂ ಹೇಳಲೇಬೇಕಾಯಿತು: ಸ್ಲೈಡು, ಸ್ಟಿಕರ್, ಲೇಖನ, ಕನ್ನಡಿ. ಹೇಳುತ್ತ ಹೋದ ಹಾಗೆ ನನ್ನ ದನಿ ಏರಿತು, ಮೇಜು ಗುದ್ದಿದೆ, ಗುಂಡಿಗಳ ಡಬ್ಬಿ ಉರುಳಿ ಗುಂಡಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಅವಳು ಅದನ್ನು ಹೆಕ್ಕಲೂ ಬಗ್ಗದೆ ಕೇಳಿಸಿಕೊಂಡಳು. ಕೊನೆಗೆ ಒಂದೇ ಪ್ರಶ್ನೆ.

"ಎಲ್ರೂ ನಕ್ಕರು ಅಂದ್ಯಲ್ಲ. ನೀನು?"

ಸುಳ್ಳು ನಾಲಿಗೆ ತುದಿಯವರೆಗೂ ಬಂದಿತ್ತು.

"ನಕ್ಕೆ."

ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದೂರಿನ ಕಾಗದ ಎಳೆದುಕೊಂಡು ಎರಡು ಸಲ ಓದಿದಳು. "ನಮ್ಮ ಚಿಕ್ಕಮ್ಮ ಮುಗ್ಧರು, ಇದೆಲ್ಲ ಅರ್ಥವಾಗದವರು" ಎಂದು ನಾನು ಬರೆದಿದ್ದ ಸಾಲಿಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಉದ್ದಕ್ಕೆ ಗೀಟು ಎಳೆದಳು.

"ನನ್ನ ಬದಲಿಗೆ ನೀನು ಸಿಟ್ಟು ಮಾಡ್ಕೊಳ್ಳೋದು ಬೇಡ. ನನ್ನ ಸಿಟ್ಟು ನನ್ನ ಹತ್ರಾನೇ ಇದೆ. ಯಾವತ್ತು ಕರೀತಾರೆ ಹೇಳು, ನಾನೇ ಬರ್ತೀನಿ."

ಅದಾದ ಮೇಲೆ ಎರಡು ವಾರ, ತಟ್ಟೆ ಇಟ್ಟಿದೀನಿ, ಬಾಗಿಲು ಹಾಕ್ಕೋ ಎನ್ನುವುದು ಬಿಟ್ಟರೆ ನನ್ನೊಡನೆ ಮಾತಿಲ್ಲ.

ದೂರು ಸಮಿತಿಯ ಸಭೆ ಕಾಲೇಜಿನ ಮೊದಲ ಮಹಡಿಯಲ್ಲಿ. ಉದ್ದ ಮೇಜಿನ ಆಚೆ ಮೂವರು, ನಡುವೆ ಅಧ್ಯಕ್ಷತೆಗೆ ಸಂಖ್ಯಾಶಾಸ್ತ್ರದ ಮೇಡಂ. ಬಲಕ್ಕೆ ಬೇರೆಯಾಗಿ ನಮ್ಮ ಮೇಷ್ಟ್ರು. ಚಿಕ್ಕಮ್ಮ ಒಂದು ಚೀಲ ತಬ್ಬಿಕೊಂಡು ಬಂದು ಕೂತಳು. ಮೇಷ್ಟ್ರು ಎದ್ದು ನಿಂತು ಕೈ ಮುಗಿದರು, ಬಲು ವಿನಯ.

"ಅಮ್ಮಾ, ನಿಮ್ಮನ್ನ ನೋಯಿಸೋ ಉದ್ದೇಶ ಇರಲಿಲ್ಲ. ನಿಮ್ಮಂಥವರ ಬಗ್ಗೆ ಕಾಳಜಿಯಿಂದಲೇ ಬರೆದದ್ದು. ಸಮಾಜ ನಿಮ್ಮನ್ನ ಹೇಗೆ ಅಳಿಸುತ್ತೆ ಅಂತ."

"ಪೂರ್ತಿ ನೋಡಿದ್ರಾ?" ಎಂದಳು ಚಿಕ್ಕಮ್ಮ.

"ಏನು?"

"ನನ್ನ ವಿಡಿಯೋ. ಹನ್ನೊಂದು ನಿಮಿಷ ಇದೆ."

ಮೇಷ್ಟ್ರು ಮೇಡಂ ಕಡೆ ನೋಡಿದರು. "ವಿಶ್ಲೇಷಣೆಗೆ ಬೇಕಾದ ಭಾಗ... ಒಂದು ನಲವತ್ತು ಸೆಕೆಂಡು."

ಚಿಕ್ಕಮ್ಮ ಚೀಲದಿಂದ ಒಂದು ಹಳೆಯ ಶರ್ಟು ತೆಗೆದು ಅವರ ಮುಂದೆ ಹರಡಿದಳು. ಮಡಿಕೆಯ ಜಾಗದಲ್ಲಿ ಕಾಲರ್ ಸವೆದು ಎಳೆ ಎದ್ದಿತ್ತು. "ಇದನ್ನ ಬಿಚ್ಚಿ, ಮಗುಚಿ, ಮತ್ತೆ ಹೊಲಿಯೋದು ಹೇಗೆ ಅಂತ ಅದರಲ್ಲಿ ಹೇಳಿದೀನಿ. ಸವೆದದ್ದು ಒಳಗೆ ಹೋಗತ್ತೆ, ಶರ್ಟು ಇನ್ನೂ ನಾಲ್ಕು ವರ್ಷ ಬಾಳತ್ತೆ. ಮೊದಲು ಯಾವ ಹೊಲಿಗೆ ಬಿಚ್ಬೇಕು? ಹೇಳಿ."

ಮೇಷ್ಟ್ರು ಶರ್ಟನ್ನು ನೋಡಿದರು. "ಇದು ವಿಷಯಕ್ಕೆ ಸಂಬಂಧ..."

"ನಾನು ಏನು ಹೇಳ್ಕೊಟ್ಟೆ ಅನ್ನೋದೇ ನಿಮಗೆ ಗೊತ್ತಿಲ್ಲ. ನಾನು ಯಾರು ಅಂತ ಮಾತ್ರ ಬರೆದುಬಿಟ್ರಿ!" ಈಗ ದನಿ ಅವಳ ನಿಜವಾದ ದನಿಯಾಗಿತ್ತು, ಮಿಷನ್ನು ಮೀರಿಸುವ ದನಿ. "ನಾನು ಯಾರೂ ಅಲ್ಲ ಅಂತ ನಾನೇ ಒಪ್ಕೊಂಡಿದೀನಾ? ಯಾವತ್ತು ಒಪ್ಕೊಂಡೆ? ನಿಮ್ಮ ಹತ್ರ ಬಂದು ಹೇಳಿದ್ನಾ? ಮೂವತ್ತು ವರ್ಷದಿಂದ ಈ ಕೈಯಲ್ಲಿ ದುಡಿದು ಅನ್ನ ತಿಂದಿದೀನಿ, ಒಂದು ಮಗು ಬೆಳೆಸಿದೀನಿ. ಅದನ್ನ ನಿಮ್ಮ ಕಡೆ ಕಳಿಸಿದ್ರೆ ನೀವು ಅದಕ್ಕೆ ನನ್ನ ನೋಡಿ ನಗೋದು ಕಲಿಸಿದ್ರಿ!"

ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಮೇಡಂ ಶರ್ಟನ್ನು ತಮ್ಮ ಕಡೆ ಎಳೆದುಕೊಂಡು ಕಾಲರ್ ಮುಟ್ಟಿ ನೋಡುತ್ತಿದ್ದರು.

ತೀರ್ಪು ಒಂದು ತಿಂಗಳಿಗೆ ಬಂತು. ಚಿತ್ರವನ್ನು ಲೇಖನದಿಂದಲೂ ಪಾಠದಿಂದಲೂ ತೆಗೆಯಬೇಕು. ವಾದದ ಭಾಗ ಲೇಖಕರ ಬೌದ್ಧಿಕ ಸ್ವಾತಂತ್ರ್ಯ, ಅದು ಹಾಗೇ ಇರಬಹುದು. ಇತ್ತು. ಲೇಖನ ಅಚ್ಚಾಯಿತು, ಚಿಕ್ಕಮ್ಮ ಅದರಲ್ಲಿ "ಒಬ್ಬ ಅನಾಮಿಕ ದರ್ಜಿ" ಆದಳು, ತಲೆ ಅಲ್ಲಿಯೂ ಇರಲಿಲ್ಲ. ಸ್ಟಿಕರನ್ನು ಯಾವ ಸಮಿತಿಯೂ ವಾಪಸು ತರಲಾರದು. ಈಗಲೂ ಅದು ಗೊತ್ತಿಲ್ಲದವರ ಫೋನುಗಳಲ್ಲಿ ಓಡಾಡುತ್ತಿದೆ. ಚಿಕ್ಕಮ್ಮ ಕಾಮೆಂಟುಗಳನ್ನು ಮುಚ್ಚಿದಳು. ದಾರದ ನಂಬರು ಕೇಳುತ್ತಿದ್ದವರೂ ಹೋದರು.

ಪ್ರಬಂಧಕ್ಕೆ ಆ ಮೇಷ್ಟ್ರನ್ನು ಬಿಟ್ಟು ಬೇರೆ ಮಾರ್ಗದರ್ಶಕರನ್ನು ಹಿಡಿದೆ. ಯಾವ ವಿಷಯ ತೆಗೆದುಕೊಳ್ಳಲಿ ಎಂದು ಚಿಕ್ಕಮ್ಮನನ್ನೇ ಕೇಳಿದೆ.

"ನನ್ನ ಬಗ್ಗೆ ಒಂದಕ್ಷರ ಬರೀಬೇಡ. ನಕ್ಕರಲ್ಲ, ಅವರ ಬಗ್ಗೆ ಬರಿ. ನಿನ್ನನ್ನೂ ಸೇರಿಸ್ಕೋ."

ಹಾಗೇ ಮಾಡಿದೆ. ತರಗತಿಯ ಇಪ್ಪತ್ತಮೂರು ಜನರ ಹಿಂದೆ ಬಿದ್ದೆ: ಯಾಕೆ ನಕ್ಕೆ, ಸ್ಟಿಕರ್ ಎಷ್ಟು ಜನಕ್ಕೆ ಕಳಿಸಿದೆ, ಆ ಹೆಂಗಸಿಗೆ ಗೊತ್ತಾದೀತು ಅನಿಸಲಿಲ್ಲವಾ? ಆಗ ಶುರುವಾಯಿತು ನೋಡಿ ಮಜಾ. ರಿಪೇರಿಯ ಜೋಕು ಮಾಡಿದವನು, ತನ್ನ ಮಾತು ಬಳಸುವ ಮೊದಲು ಒಪ್ಪಿಗೆ ಪತ್ರ ಬೇಕೆಂದ. ಪಕ್ಕೆಗೆ ತಿವಿದವಳು, ಬರೆದದ್ದನ್ನು ಮೊದಲು ತನಗೆ ತೋರಿಸಬೇಕು ಎಂದಳು. ಒಬ್ಬಳು ತಾನು ಕಳಿಸಿದ ಮೆಸೇಜುಗಳನ್ನೆಲ್ಲ ರಾತ್ರೋರಾತ್ರಿ ಅಳಿಸಿ, "ಅದು ಖಾಸಗಿ ಗುಂಪು ಕಣೇ" ಎಂದಳು. ಮೇಷ್ಟ್ರಿಗೂ ಕಾಗದ ಬರೆದೆ. ಎರಡೇ ಸಾಲಿನ ಉತ್ತರ: ಅನುಮತಿಯಿಲ್ಲದೆ ನನ್ನ ಹೆಸರನ್ನಾಗಲಿ ಮಾತನ್ನಾಗಲಿ ಬಳಸತಕ್ಕದ್ದಲ್ಲ. ಅದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಎಷ್ಟೋ ತಿಂಗಳ ಮೇಲೆ ಅವಳು ಮೊದಲ ಸಲ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು. ನನಗೆ ನಗು ಬರಲಿಲ್ಲ.

ನಾನು ಒಪ್ಪಿಗೆ ಪಡೆದೇ ಬರೆದೆ, ಕೊಡದವರ ಮಾತು ಬಿಟ್ಟೆ. ಪ್ರಬಂಧ ತೆಳ್ಳಗಾಯಿತು, ಅಂಕವೂ ಸಾಧಾರಣ ಬಂತು. ಇರಲಿ.

ಹೋದ ವಾರ ಹೊಸ ತರಗತಿಯ ಒಬ್ಬಳು ಗ್ರಂಥಾಲಯದಲ್ಲಿ ಸಿಕ್ಕಳು. ಮೇಷ್ಟ್ರ ಎಂಟನೇ ಸ್ಲೈಡಿನಲ್ಲಿ ಈ ವರ್ಷ ಒಬ್ಬ ಮುದುಕನಂತೆ. ಗಡಿಯಾರ ರಿಪೇರಿಯವನು, ಮಾತಿಗೊಮ್ಮೆ ಕೆಮ್ಮುತ್ತಾನಂತೆ, ತರಗತಿ ಬಿದ್ದು ಬಿದ್ದು ನಕ್ಕಿತಂತೆ. ಓದುತ್ತಿದ್ದ ಪುಸ್ತಕ ಮಡಚಿ ಮನೆಗೆ ಬಂದೆ. ಅವನ ಚಾನೆಲ್ ಹುಡುಕಿ, ಮಿಷನ್ನಿನ ಪಕ್ಕ ನೆಲದಲ್ಲಿ ಕೂತು, ಏನೆಂದು ಬರೆಯಲಿ ಎಂದು ತಿಳಿಯದೆ ಟೈಪು ಮಾಡುತ್ತ, ಅಳಿಸುತ್ತ ಇದ್ದೆ.

ಚಿಕ್ಕಮ್ಮ ಬಗ್ಗಿ ನೋಡಿದಳು. ವಿಷಯ ಕೇಳಿದಳು. ಕೇಳಿ ಮುಗಿಯುವ ಮೊದಲೇ ಫೋನು ಕಿತ್ತುಕೊಂಡಳು.

"ಅಂಗಡಿಯವನಾದ್ರೆ ನಂಬರು ಹಾಕಿರ್ತಾನೆ. ಇಲ್ಲಿದೆ ನೋಡು."

ಆ ಕಡೆ ಗಂಟೆ ಬಾರಿಸಿತು. ಒಂದು ಕೆಮ್ಮು, ಆಮೇಲೆ ಒಂದು ದನಿ.

"ಅಣ್ಣಾ, ನಮಸ್ಕಾರ," ಎಂದು ಕೂಗಿದಳು ಚಿಕ್ಕಮ್ಮ. "ನಾನೊಬ್ಬ ಟೈಲರು. ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು. ಅದಕ್ಕೆ ಮೊದಲು, ನಿಮ್ಮದೊಂದು ವಿಡಿಯೋ ಇದೆಯಂತಲ್ಲ, ಅದನ್ನ ಪೂರ್ತಿ ನೋಡಿ ಆಮೇಲೆ ಮತ್ತೆ ಫೋನ್ ಮಾಡ್ತೀನಿ. ಎಷ್ಟು ನಿಮಿಷ ಇದೆ?"