ದೊಬ್ರಿಂಕಾ ಮಾಡಿದ ಮಣ್ಣು

ಮೂರನೆಯ ತಳ್ಳುಗಾಡಿ ಗೊಬ್ಬರವನ್ನು ಪಾತಿಯ ಮೇಲೆ ಸುರಿಯುವಷ್ಟರಲ್ಲಿ ವೆಲಿಚ್ಕೊನ ಕಪ್ಪು ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗಿತ್ತು. ಹಿಂಬಾಗಿಲಲ್ಲಿ ನಾದಿನಿ ಗಿನ್ಕಾ ಬಂದು ನಿಂತಳು.

"ಭಾವ, ನಿಮಗೇನು ತಲೆ ಕೆಟ್ಟಿದೆಯಾ? ಅಕ್ಕನ ಪೆಟ್ಟಿಗೆ ಇನ್ನೂ ನಡುಮನೇಲಿದೆ. ಸತ್ತೋರು ಮನೇಲಿರುವಾಗ ಯಾರಾದ್ರೂ ಮಣ್ಣು ಮುಟ್ತಾರಾ?"

"ಇವತ್ತು ರಾತ್ರಿ ಹಿಮ ಬೀಳುತ್ತಂತೆ."

"ಬಿದ್ರೆ ಬೀಳ್ಲಿ!"

"ಎರಡು ಪಾತಿ ಅವಳೇ ಮುಗಿಸಿದ್ಳು. ಇನ್ನೆರಡು ಹಾಗೇ ಉಳಿದಿದೆ, ಗಿನ್ಕಾ. ಹಿಮ ಬಿದ್ಮೇಲೆ ಮಣ್ಣು ಕಲ್ಲಾಗುತ್ತೆ."

ಅವನ ಹೆಂಡತಿ ದೊಬ್ರಿಂಕಾ ಸತ್ತದ್ದು ಮೊನ್ನೆ, ಈ ಪಾತಿಗಳ ನಡುವೆಯೇ. ಒಣಗಿದ ಟೊಮೇಟೊ ಗಿಡ ಕಿತ್ತು, ಗೊಬ್ಬರ, ವಾಲ್‌ನಟ್ ಎಲೆ ಹಾಕುತ್ತಿದ್ದವಳು ಸುಧಾರಿಸಿಕೊಳ್ಳಲು ಕೂತಳು, ಏಳಲಿಲ್ಲ.

ಗಿನ್ಕಾ ಅವನ ತೋಳು ಹಿಡಿದು ಒಳಗೆ ಕರೆದೊಯ್ದಳು. ಮೇಣದಬತ್ತಿಯ ಹೊಗೆಯಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ವೆಲಿಚ್ಕೊ ಕೂತ. ಮರುಗಳಿಗೆಯೇ ಎದ್ದು ಒಲೆಗೆ ಸೌದೆ ಇದೆಯೇ ಎಂದು ನೋಡಲು ಹೋದ. ಬಂದು ಕೂತ. ಕುರ್ಚಿಗಳು ಸಾಲುತ್ತವೆಯೇ ಎಂದು ನೋಡಲು ಹೋದ. ಅಂಗಳದಲ್ಲಿ ಪಕ್ಕದ ಮನೆಯ ಅಸೆನ್ ಸಿಗರೇಟು ಸೇದುತ್ತಿದ್ದ.

"ಅಸೆನ್, ಗೊಬ್ಬರ ಮೊದಲೋ, ಎಲೆ ಮೊದಲೋ?"

"ಅಣ್ಣ, ಈಗ ಅದನ್ನ ಕೇಳ್ತಿದೀಯಲ್ಲ..." ಅಸೆನ್ ಸುತ್ತ ನೋಡಿ ದನಿ ತಗ್ಗಿಸಿದ. "ಎಲೆ ಕೆಳಗೆ."

"ಯಾರು ಹೇಳಿದ್ದು ಕೆಳಗೆ ಅಂತ?" ಕಿಟಕಿಯೊಳಗಿಂದ ಅವನ ಹೆಂಡತಿಯ ಪಿಸುದನಿ ಬಂತು. "ಮೇಲೆ! ನಿನ್ನ ಎಲೆಕೋಸು ಯಾವ ವರ್ಷ ಉದ್ಧಾರವಾಗಿದೆ, ಹೇಳು."

ಪಾದ್ರಿ ಗೇಟು ತೆರೆದದ್ದರಿಂದ ಜಗಳ ನಿಂತಿತು.

*

ಗಂಡಹೆಂಡತಿ ಮನೆ ಕಟ್ಟಿದ್ದು ಇಟ್ಟಿಗೆ ಕಾರ್ಖಾನೆಯ ಹಳೆಯ ಅಂಗಳದಲ್ಲಿ. ಅಗೆದಲ್ಲೆಲ್ಲ ಇಟ್ಟಿಗೆಚೂರು. "ಮಣ್ಣಿಲ್ಲದಿದ್ರೆ ಮಾಡಿದ್ರಾಯ್ತು" ಎಂದಿದ್ದಳು ದೊಬ್ರಿಂಕಾ, ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಹಾಕಿದರಾಯಿತು ಅನ್ನುವ ಹಾಗೆ.

ಅವಳು ಪಟ್ಟಣದ ಶಾಲೆಯಲ್ಲಿ ಅಡುಗೆಯವಳು. ಅವನು ಅದೇ ದಾರಿಯ ಬಸ್ ಚಾಲಕ. ದಿನವೂ ಸಂಜೆ ಮುಚ್ಚಳದ ಬಕೆಟ್ಟಿನಲ್ಲಿ ತರಕಾರಿ ಸಿಪ್ಪೆ ತುಂಬಿಕೊಂಡು ಅವನ ಬಸ್ಸು ಹತ್ತುತ್ತಿದ್ದಳು. ಬೇಸಿಗೆಯಲ್ಲಿ ಬಸ್ಸೆಲ್ಲ ನಾರುತ್ತಿತ್ತು.

"ಡ್ರೈವರ್ರೇ, ಆ ಹೆಂಗಸನ್ನ ಇಳಿಸಿ!" ಎಂದು ಒಮ್ಮೆ ಯಾರೋ ಕೂಗಿದರು.

"ಇಳಿಸಿದ್ರೆ ರಾತ್ರಿ ನಾನು ಊಟಕ್ಕೆ ಎಲ್ಲಿಗೆ ಹೋಗ್ಲಿ?" ಎಂದ ವೆಲಿಚ್ಕೊ. ಬಸ್ಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ದೊಬ್ರಿಂಕಾ ನಕ್ಕಳು.

ಮುಂದಿನ ವರ್ಷ ಅವಳು ಬುಟ್ಟಿ ತುಂಬ ಟೊಮೇಟೊ ತಂದು ಸೀಟು ಸೀಟಿಗೂ ಹಂಚಿದಳು. ಆಮೇಲೆ ಪ್ರಯಾಣಿಕರೇ ಕಾಫಿಪುಡಿಯ ಗಸಿ, ಮೊಟ್ಟೆಯ ಚಿಪ್ಪು, ಸೇಬಿನ ಸಿಪ್ಪೆಯನ್ನು ಪೊಟ್ಟಣ ಕಟ್ಟಿ ತರತೊಡಗಿದರು. ಆದರೆ ಗಂಡನನ್ನು ಮಾತ್ರ ಪಾತಿಯ ಹತ್ತಿರ ಬಿಡುತ್ತಿರಲಿಲ್ಲ. "ನೀನು ಸ್ಟೇರಿಂಗ್ ಹಿಡಿ. ಇಲ್ಲಿ ಕಾಲಿಟ್ರೆ ಎಲ್ಲಾ ತುಳಿದುಹಾಕ್ತೀಯ."

*

ಹೂಳಿ ಬಂದ ಮೇಲೆ ಊಟಕ್ಕೆ ಕೂತರು. ಹುರುಳಿಕಾಯಿ ಸಾರು, ಬ್ರೆಡ್ಡು, ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ, ದ್ರಾಕ್ಷಿ ಸಾರಾಯಿ. ವೆಲಿಚ್ಕೊನ ಕುರ್ಚಿ ಮತ್ತೆ ಖಾಲಿಯಾಯಿತು. ಗಿನ್ಕಾ ಬಟ್ಟಲನ್ನು ಕುಕ್ಕಿ ಎದ್ದಳು.

ಅವನು ಪಾತಿಯಲ್ಲಿ ಬಗ್ಗಿ ಗೊಬ್ಬರ ಹರಡುತ್ತಿದ್ದ.

"ಇಷ್ಟು ವರ್ಷ ಬಾಳಿದ್ದೀರಿ. ಒಂದು ಗಳಿಗೆ ಅವಳ ಹತ್ತಿರ ಕೂರೋಕಾಗ್ಲಿಲ್ವಾ? ಜನ ಏನಂದ್ಕೊಂಡ್ರು ಗೊತ್ತಾ?"

ವೆಲಿಚ್ಕೊ ಸಲಿಕೆ ಬಿಡಲಿಲ್ಲ. "ಅವಳ ಉಗುರು ಉಜ್ಜಿ ಬೆಳ್ಳಗೆ ಮಾಡಿದ್ರಿ. ಎರಡು ಕೈನೂ ಎದೆ ಮೇಲೆ ಕಟ್ಟಿದ್ರಿ. ಅದು ಅವಳ ಕೈ ಅಲ್ಲ, ಗಿನ್ಕಾ. ಅವಳ ಕೈ ಸುಮ್ನಿದ್ದದ್ದು ನಾನು ನೋಡೇ ಇಲ್ಲ. ಹೇಗೆ ಕೂರ್ಲಿ?"

ಉಗುರು ಉಜ್ಜಿದವಳು ಗಿನ್ಕಾ. ಅವಳು ತಲೆ ತಗ್ಗಿಸಿ ನೆಲ ನೋಡಿದಳು. ನೋಡುತ್ತಿದ್ದಂತೆ ಅವಳ ಹುಬ್ಬು ಗಂಟಾಯಿತು. ಬಗ್ಗಿ ಒಂದು ಹಿಡಿ ಎತ್ತಿ ಮೂಸಿದಳು.

"ಭಾವ, ಇದನ್ನ ಎಲ್ಲಿಂದ ತಂದ್ರಿ?"

"ಆ ತಿಪ್ಪೆಯಿಂದ."

"ಅಯ್ಯೋ ದೇವರೇ! ಅದು ಈ ವರ್ಷದ್ದು, ಹಸಿ! ಕುದುರೆ ಲದ್ದಿ ಇನ್ನೂ ಹಾಗೇ ಇದೆ. ಇದರಲ್ಲಿ ಬೆಳ್ಳುಳ್ಳಿ ನೆಟ್ರೆ ಬೇರುಗಳೆಲ್ಲ ಸುಟ್ಟುಹೋಗುತ್ತೆ. ಕಳಿತದ್ದು ಬೇಲಿ ಹತ್ತಿರ, ತಗಡಿನ ಕೆಳಗಿದೆ!"

ವೆಲಿಚ್ಕೊ ಪಾತಿಯನ್ನು ನೋಡಿದ, ತಿಪ್ಪೆಯನ್ನು ನೋಡಿದ. "ನೋಡು, ಅದಕ್ಕೇ ಅವಳು ನನ್ನನ್ನ ಹತ್ತಿರ ಸೇರಿಸ್ತಿರಲಿಲ್ಲ" ಎಂದ. ನಗಲು ಹೋದವನ ಬಾಯಿ ಸೊಟ್ಟಗಾಯಿತು. ಸಲಿಕೆಯ ಹಿಡಿಗೆ ಹಣೆಯಿಟ್ಟು ಬಿಕ್ಕಿದ.

ಗಿನ್ಕಾ ಮನೆಯತ್ತ ತಿರುಗಿ ಕೂಗಿದಳು: "ಅಸೆನ್, ಕುಂಟೆಕೋಲು ತಗೊಂಡು ಬಾ! ನಿನ್ನ ಹೆಂಡ್ತಿನೂ ಬರ್ಲಿ!"

ಉಂಡು ಎದ್ದವರು ಒಬ್ಬೊಬ್ಬರಾಗಿ ಬಂದರು. ಕಪ್ಪು ಲಂಗ ಎತ್ತಿ ಕಟ್ಟಿ, ಒಳ್ಳೆಯ ಬೂಟುಗಳಲ್ಲೇ ಪಾತಿಗಿಳಿದು ಹಸಿ ಗೊಬ್ಬರವನ್ನು ಕೆರೆದು ಗಾಡಿಗೆ ತುಂಬಿದರು. ಎಲೆ ಮೇಲೋ ಕೆಳಗೋ ಎಂಬ ಜಗಳ ಮತ್ತೆ ಶುರುವಾಯಿತು. ಬೆಟ್ಟದ ಕಡೆಯಿಂದ ಗಾಳಿ ಕೊರೆಯತೊಡಗಿತ್ತು.

"ತಿಪ್ಪೆ ಮೇಲೆ ಸುರೀಬೇಡಿ, ಭಾವ. ಅದರ ನಡುವೆ ಅಗೆದು ಒಳಗೆ ಹಾಕಿ."

ವೆಲಿಚ್ಕೊ ತಿಪ್ಪೆಯ ಹೊಟ್ಟೆಗೆ ಸಲಿಕೆ ಹಾಕಿ ಎತ್ತಿದ. ಒಳಗೆ ಕೊಳೆಯುತ್ತ ಕಾದಿದ್ದ ಗೊಬ್ಬರದಿಂದ ದಟ್ಟ ಹಬೆ ಎದ್ದು ಅವನ ಮುಖಕ್ಕೆ ಬಡಿಯಿತು. ಮೊದಲು ಗಿನ್ಕಾ ಹತ್ತಿರ ಬಂದು ಚಳಿಗೆ ಸೆಟೆದ ಬೆರಳುಗಳನ್ನು ಚಾಚಿದಳು. ಆಮೇಲೆ ಅಸೆನ್, ಅವನ ಹೆಂಡತಿ, ಉಳಿದವರು. ಕಪ್ಪು ಬಟ್ಟೆಯ ಆ ಜನ ತಿಪ್ಪೆಯ ಸುತ್ತ ಭುಜಕ್ಕೆ ಭುಜ ತಾಗಿಸಿ, ಕೈ ಕಾಯಿಸಿಕೊಳ್ಳುತ್ತ ನಿಂತರು.