ಡಾಕ್ಟ್ರಮ್ಮನ ಕೋಟಿನ ಗುಂಡಿ

ಮೂರನೇ ಕೀಮೋ ಆದ ವಾರ ಬೆರಳಿಗೆ ಸೂಜಿ ಚುಚ್ಚಿದ್ದು ನನಗೇ ಗೊತ್ತಾಗಲಿಲ್ಲ. ಹೊಲಿಯುತ್ತಿದ್ದ ಬಿಳಿ ಅಂಗಿಯ ಕಾಲರಿಗೆ ರಕ್ತ ಹತ್ತಿದಾಗಲೇ ತಿಳಿದದ್ದು. ಇಪ್ಪತ್ತಾರು ವರ್ಷ ಹೊಲಿಗೆಯಿಂದಲೇ ಅನ್ನ ತಿಂದವಳು ನಾನು. ಕಣ್ಣು ಮುಚ್ಚಿ ಮುಟ್ಟಿದರೂ ಇದು ಇಂಥದೇ ಬಟ್ಟೆ ಎನ್ನುತ್ತಿದ್ದೆ. ಈಗ ರೇಷ್ಮೆಯೂ ಒಂದೇ, ಗೋಣಿಯೂ ಒಂದೇ.

"ಈ ಸಲ ಡಾಕ್ಟ್ರಮ್ಮನಿಗೆ ಹೇಳ್ತೀನಿ ರೀ," ಎಂದೆ.

"ಸುಮ್ನಿರೇ. ಅವ್ರು ಜೀವ ಉಳಿಸೋಕೆ ಒದ್ದಾಡ್ತಿದಾರೆ. ನೀನು ಬೆರಳು ಜೋಮು ಅಂತ ಕೂತ್ರೆ ಔಷಧಿನೇ ನಿಲ್ಲಿಸಿಬಿಟ್ಟಾರು," ಎಂದರು ನಮ್ಮ ಯಜಮಾನರು.

ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದ ಮೇಲೆ ಒಳಗೆ ಕರೆದರು. ಡಾಕ್ಟ್ರಮ್ಮ ಕಾಗದದಿಂದ ತಲೆ ಎತ್ತದೆ, "ಹೇಗಿದೀರಮ್ಮಾ? ಏನಾದ್ರೂ ತೊಂದ್ರೆ?" ಎಂದರು.

"ಏನಿಲ್ಲ ಡಾಕ್ಟ್ರೇ, ಆರಾಮಾಗಿದಾಳೆ," ಎಂದರು ಇವರು. ಹಿಂದಿನ ಎರಡು ಸಲವೂ ಇದೇ ಮಾತು. ನಾನೋ, ಕೋಲೆಬಸವನ ಹಾಗೆ ತಲೆಯಾಡಿಸಿ ಎದ್ದು ಬಂದಿದ್ದೆ. ಅಲ್ಲಾ, ಕಾಯಿಲೆ ನನ್ನದು, ಬಾಯಿ ಮಾತ್ರ ಇವರದ್ದೇ? ಮೈಯೆಲ್ಲ ಉರಿದುಹೋಯಿತು.

ಡಾಕ್ಟ್ರಮ್ಮನ ಕೋಟಿನ ಗುಂಡಿಯೊಂದು ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಚೀಲದಿಂದ ಸೂಜಿ ದಾರ ತೆಗೆದೆ.

"ಕೋಟು ಕೊಡಿ, ಗುಂಡಿ ಹಾಕ್ಕೊಡ್ತೀನಿ."

"ಲೇ, ಏನೇ ಇದು!" ಎಂದು ಇವರು ನನ್ನ ಸೆರಗು ಜಗ್ಗಿದರು. ಡಾಕ್ಟ್ರಮ್ಮ ಬೆರಗಾಗಿ ಕೋಟು ಬಿಚ್ಚಿ ಕೊಟ್ಟರು. ದಾರ ಪೋಣಿಸಲು ಹೋದೆ, ಜಾರಿತು. ಮತ್ತೆ ಹಿಡಿದೆ, ಸೂಜಿಯೇ ಬಿತ್ತು. ಗುಂಡಿ ಕಿತ್ತುಬಂದು ಮೇಜಿನ ಕೆಳಗೆ ಉರುಳಿತು.

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. "ಯಾವಾಗಿಂದ ಹೀಗೆ?"

"ಮೊದಲನೇ ಕೀಮೋ ಆದಾಗಿಂದ ಜೋಮು. ಈಗ ಚುಚ್ಚಿದ್ರೂ ಗೊತ್ತಾಗಲ್ಲ. ಇದು ಔಷಧಿಯಿಂದಾನಾ? ಹೋಗುತ್ತಾ? ನಾನಿನ್ನು ಹೊಲೀಬಹುದಾ?"

"ಔಷಧಿಯಿಂದಾನೇ. ಪ್ರಮಾಣ ಕಡಿಮೆ ಮಾಡಬಹುದು, ಇಲ್ಲಾ ಬೇರೆ ಔಷಧಿ ನೋಡಬಹುದು. ಚಿಕಿತ್ಸೆ ನಿಲ್ಲಲ್ಲ. ತಿಂಗಳುಗಟ್ಟಲೆ ಹಿಡಿದ್ರೂ ಎಷ್ಟೋ ಜನಕ್ಕೆ ಕಡಿಮೆಯಾಗುತ್ತೆ. ಪೂರ್ತಿ ಹೋಗುತ್ತೆ ಅಂತ ಮಾತ್ರ ಹೇಳಲಾರೆ. ಮೊದಲೇ ಹೇಳಿದ್ರೆ ಇಷ್ಟಾಗೋಕೆ ಬಿಡ್ತಿರ್ಲಿಲ್ಲಮ್ಮ."

ಇವರ ಮುಖ ಬಿಳಿಚಿಕೊಂಡಿತು. ಬಗ್ಗಿ ಮೇಜಿನ ಕೆಳಗೆ ಗುಂಡಿ ಹುಡುಕತೊಡಗಿದರು. ಪಾಪ ಅನ್ನಿಸಲಿಲ್ಲ ನನಗೆ.

"ಬೇರೇನಾದ್ರೂ ತೊಂದ್ರೆ ಇದೆಯಾ?" ಎಂದು ಡಾಕ್ಟ್ರಮ್ಮ ಕೇಳಿದರು.

ಮೇಜಿನ ಕೆಳಗಿಂದಲೇ ಇವರು, "ಏನಿಲ್..." ಎಂದು ಶುರುಮಾಡಿ ನಿಲ್ಲಿಸಿದರು. ಗುಂಡಿ ಹಿಡಿದುಕೊಂಡು ಎದ್ದು, "ನೀನೇ ಹೇಳೇ," ಎಂದರು.

"ಇದೆ," ಎಂದೆ. "ಮಷೀನು ತುಳಿಯೋ ಕಾಲೂ ಹೀಗೇ ಆಗಿದೆ. ಅದು ಇವರಿಗೂ ಗೊತ್ತಿಲ್ಲ."